ಖಾನಾಪುರಕ್ಕೆ ಎರವಲು ಹೋದ ಲೈಸನ್ಸು

ಕಂಪ್ಯೂಟರಿನ ಪರದೆಯ ಮೇಲೆ ಮೊದಲ ಸಲ ಒಂದು ಮೋಟುಗಾಲು ಮೂಡಿ ನಿಂತಾಗ ಅಣ್ಣ ಚಹಾದ ಕಪ್ಪನ್ನು ಕೈಯಲ್ಲೇ ಹಿಡಿದುಕೊಂಡು ನಿಂತುಬಿಟ್ಟ. ನಾನು ಮೌಸ್ ಎಳೆದಂತೆ ಕಾಲು ನಿಧಾನವಾಗಿ ತಿರುಗಿತು. ಮುಂದಿನ ಎಲುಬಿನ ಏಣು, ಹಿಂಬದಿಯ ಮಾಂಸದ ಉಬ್ಬು, ತುದಿಯಲ್ಲಿ ಹೊಲಿಗೆ ಹಾಕಿದ್ದ ಗೆರೆ, ಒಂದೂ ತಪ್ಪಿರಲಿಲ್ಲ.

"ಇದು ಬ್ಯಾಂಕಿನ ಸಾಹೇಬ್ರ ಕಾಲು ಅಲ್ಲೇನು?" ಎಂದ.

"ಹೌದು. ಹೆಂಗ ಗೊತ್ತಾತು?"

"ಹೊರಗಿನ ಎಲುಬು ನೋಡು. ಅವರದ ಅಷ್ಟು ಮುಂದ ಬಂದೈತಿ," ಎಂದು ಪರದೆಯ ಮೇಲೆ ಬೆರಳಿಟ್ಟ. ಬೆರಳಿಗೆ ಮೆತ್ತಿದ್ದ ಪ್ಲಾಸ್ಟರ್ ಹಿಟ್ಟು ಗಾಜಿಗೂ ಅಂಟಿತು. ಒರೆಸುವುದು ಇಬ್ಬರಿಗೂ ನೆನಪಾಗಲಿಲ್ಲ.

ಅಣ್ಣನೂ ಅವನ ತಂಗಿ ನಾನೂ ಕೃತಕ ಕಾಲು ಮಾಡುವವರು. ಮೊದಲು ಅವನು ಈ ಕೆಲಸ ಕಲಿತ, ಅವನನ್ನು ನೋಡಿ ನಾನೂ ಅದನ್ನೇ ಓದಿದೆ. ಬೆಳಗಾವಿಯ ವಡಗಾವಿ ಬಡಾವಣೆಯ ಒಂದು ಇಕ್ಕಟ್ಟಾದ ಓಣಿಯಲ್ಲಿ, ಹಿಂದೆ ಮಗ್ಗ ನಡೆಯುತ್ತಿದ್ದ ಶೆಡ್ಡಿನಲ್ಲಿ ನಮ್ಮ ಕೆಲಸ. ಮಹಡಿಯ ಮೇಲೆ ಅಣ್ಣ ಮತ್ತು ಅವ್ವ ಇರುತ್ತಾರೆ. ನನ್ನ ಮನೆ ಹತ್ತಿರದ ಖಾಸಬಾಗದಲ್ಲಿ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ನಡೆದೇ ಬರುತ್ತೇನೆ.

ಕಾಲು ಮಾಡುವುದೆಂದರೆ ಮುಖ್ಯವಾಗಿ ಬಟ್ಟಲು ಮಾಡುವುದು. ಮೋಟುಗಾಲು ಕೂರುವ ಭಾಗವನ್ನು ನಾವು ಮನೆಯ ಮಾತಿನಲ್ಲಿ ಬಟ್ಟಲು ಎನ್ನುತ್ತೇವೆ. ಅದರ ಕೆಳಗಿನ ಕೊಳವೆ, ಪಾದ ಎಲ್ಲ ಅಂಗಡಿಯಲ್ಲಿ ಸಿಗುತ್ತವೆ. ಬಟ್ಟಲು ಮಾತ್ರ ಒಬ್ಬರದು ಇನ್ನೊಬ್ಬರಿಗೆ ಆಗುವುದಿಲ್ಲ. ಮಂಡಿಚಿಪ್ಪಿನ ಕೆಳಗೆ ಅದು ಒತ್ತಿ ಹಿಡಿಯಬೇಕು, ಎಲುಬು ಉಬ್ಬಿದ ಕಡೆ ಬಿಟ್ಟು ನಿಲ್ಲಬೇಕು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಸಂಜೆಗೆ ಚರ್ಮ ಕೆಂಪಾಗುತ್ತದೆ. ನಾವು ಕಾಲಿಗೆ ಹಸಿ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆದು, ಅದರಿಂದ ಪ್ಲಾಸ್ಟರಿನ ಕಾಲು ಎರಕ ಹೊಯ್ದು, ಅದನ್ನು ಅರದಿಂದ ಉಜ್ಜಿ ತಿದ್ದುತ್ತಿದ್ದೆವು. ಅಣ್ಣ ಅದರಲ್ಲಿ ಗಟ್ಟಿಗ. ನನಗೆ ಬೆಳಗಾವಿಯ ಕೆಲಸದಲ್ಲಿ ಯಾವ ತಕರಾರೂ ಇರಲಿಲ್ಲ. ತೊಂದರೆ ಇದ್ದದ್ದು ಖಾನಾಪುರದ್ದು.

ವಾರಕ್ಕೊಮ್ಮೆ ನಾನು ಬಸ್ಸು ಹತ್ತಿ ಖಾನಾಪುರಕ್ಕೆ ಹೋಗುತ್ತೇನೆ. ಒಂದು ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರುತ್ತೇನೆ. ಸುತ್ತಲಿನ ಹಳ್ಳಿಗಳವರು ಬೆಳಗಾವಿಯವರೆಗೆ ಮತ್ತೆ ಮತ್ತೆ ಬರಲಾರರು ಎಂದು ಮಾಡಿಕೊಂಡ ವ್ಯವಸ್ಥೆ ಅದು. ಅಲ್ಲಿ ಅಚ್ಚು ತೆಗೆದು, ಇಲ್ಲಿ ತಂದು ಬಟ್ಟಲು ಮಾಡಿ, ಮುಂದಿನ ವಾರ ಹೊತ್ತುಕೊಂಡು ಹೋದರೆ ಎಲ್ಲೋ ಒಂದು ಕಡೆ ಒತ್ತುತ್ತಿತ್ತು. ಮತ್ತೆ ತರಬೇಕು, ಮತ್ತೆ ಒಯ್ಯಬೇಕು. ಆ ಕಾಲಿನ ಯಜಮಾನ ಎದುರಿಗೆ ಕೂತು "ಇಲ್ಲಿ ಒತ್ತತೈತಿ" ಎನ್ನುವಾಗಲೇ ನಾನು ಆಕಾರವನ್ನು ತಿದ್ದುವಂತಿದ್ದರೆ ಎಂದು ಎಷ್ಟೋ ಸಲ ಬಸ್ಸಿನಲ್ಲಿ ಕೂತು ಅಂದುಕೊಂಡಿದ್ದೆ.

ಈಗ ಅದು ಸಾಧ್ಯವಾಗಿತ್ತು. ಕೈಯಲ್ಲಿ ಹಿಡಿಯುವ ಸ್ಕ್ಯಾನರು ಕಾಲಿನ ಆಕಾರ ಹಿಡಿಯುತ್ತದೆ. ಬಟ್ಟಲು ರೂಪಿಸಲೆಂದೇ ಮಾಡಿದ ಸಾಫ್ಟ್‌ವೇರಿನಲ್ಲಿ ಅದನ್ನು ಒತ್ತಬಹುದು, ಉಬ್ಬಿಸಬಹುದು. ಪ್ಲಾಸ್ಟಿಕ್ಕಿನಲ್ಲಿ ಪದರಪದರವಾಗಿ ಬಟ್ಟಲನ್ನು ಮುದ್ರಿಸುವ ಯಂತ್ರವನ್ನು ಅಣ್ಣ ಆಗಲೇ ತಂದು ಶೆಡ್ಡಿನ ಮೂಲೆಯಲ್ಲಿಟ್ಟಿದ್ದ. ಕಂಪನಿಯವರು ಸ್ಕ್ಯಾನರನ್ನೂ ಸಾಫ್ಟ್‌ವೇರನ್ನೂ ಒಂದು ತಿಂಗಳು ಬಳಸಿ ನೋಡಿ ಎಂದು ಕೊಟ್ಟಿದ್ದರು. ನಾನು ಆ ವಾರವೆಲ್ಲ ಊಟದ ಹೊತ್ತಿನಲ್ಲೂ ಪರದೆಯ ಮುಂದಿಂದ ಏಳಲಿಲ್ಲ. ಮನೆಗೆ ಹೋದರೆ ಬದನೆಕಾಯಿ ಹೆಚ್ಚುವಾಗಲೂ ಅದರ ಉಬ್ಬುತಗ್ಗು ನೋಡುತ್ತಿದ್ದೆ.

ಕಂಪನಿಯ ಪ್ರತಿನಿಧಿ ಪುಣೆಯಿಂದ ಫೋನು ಮಾಡಿದರು. ಸಮಾಧಾನದ ಮನುಷ್ಯ. ನಮ್ಮಿಬ್ಬರ ಮಾತು ಮರಾಠಿಯಲ್ಲಿ ನಡೆಯಿತು. ಸಾಫ್ಟ್‌ವೇರು ಬಳಸುವ ಲೈಸನ್ಸನ್ನು ಯಾವ ಬಗೆಯಲ್ಲಿ ತೆಗೆದುಕೊಳ್ಳುತ್ತೀರಿ, ತಿಂಗಳು ಮುಗಿಯುವುದರೊಳಗೆ ತಿಳಿಸಿ ಎಂದರು. ನಾನು ಫೋನನ್ನು ಸ್ಪೀಕರಿಗೆ ಹಾಕಿ ಅಣ್ಣನನ್ನು ಕರೆದೆ.

"ಅಲ್ಲ, ಈ ಲೈಸನ್ಸ್ ಅನ್ನೂದು ಇರೂದೆಲ್ಲಿ?" ಎಂದು ಅಣ್ಣ ಕೇಳಿದ. ನಾನು ಅದನ್ನು ಮರಾಠಿಯಲ್ಲಿ ಹೇಳಿದೆ.

ಅವರು ನಕ್ಕು, ಪ್ರಶ್ನೆ ಸರಿಯಾಗಿದೆ, ನೀವು ಆರಿಸಬೇಕಾದದ್ದೂ ಅದನ್ನೇ ಎಂದರು. ಲೈಸನ್ಸು ಕಂಪನಿಯ ಹತ್ತಿರವೇ, ಅವರ ಸರ್ವರಿನಲ್ಲಿ ಇರಬಹುದು. ನಾವು ಯಾವ ಕಂಪ್ಯೂಟರಿನಿಂದಲಾದರೂ ಇಂಟರ್ನೆಟ್ಟಿನ ಮೂಲಕ ಹೆಸರು ಹೇಳಿ ತೆರೆಯುವುದು. ಇಲ್ಲವೇ ಪೆನ್‌ಡ್ರೈವಿನಂಥ ಒಂದು ಕೀಲಿಯಲ್ಲಿ ಇರಬಹುದು. ಕೀಲಿ ಚುಚ್ಚಿದ ಕಂಪ್ಯೂಟರಿನಲ್ಲಿ ಮಾತ್ರ ಸಾಫ್ಟ್‌ವೇರು ನಡೆಯುತ್ತದೆ. ಅಥವಾ ನಮ್ಮದೇ ಒಂದು ಕಂಪ್ಯೂಟರಿನಲ್ಲಿ ಇಟ್ಟುಕೊಂಡು, ಅಲ್ಲಿಂದ ನಮ್ಮ ಬೇರೆ ಕಂಪ್ಯೂಟರುಗಳಿಗೆ ಹಂಚಬಹುದು. ಮೂರನ್ನೂ ಈ ತಿಂಗಳಲ್ಲಿ ಪರೀಕ್ಷಿಸಿ ನೋಡಿ ಎಂದರು.

"ಮೊದಲನೇದು ಛಲೋ," ಎಂದೆ ನಾನು. "ನಾವು ಏನೂ ಜ್ವಾಪಾನ ಮಾಡೂದಿಲ್ಲ."

"ಖಾನಾಪುರದಾಗ ನಡೀತೈತೇನು ನೋಡು ಮೊದಲು," ಎಂದ ಅಣ್ಣ.

ಮಳೆಗಾಲ ಆಗಷ್ಟೇ ಶುರುವಾಗಿತ್ತು. ಆ ವಾರ ಖಾನಾಪುರದ ಕೋಣೆಗೆ ಮೊದಲು ಬಂದವರು ಕುರಿ ಕಾಯುವ ಕಾಕಾ. ಅವರಿಗೆ ಐವತ್ತು ದಾಟಿರಬೇಕು. ಖಾನಾಪುರದ ಮೂಡಣ ಬದಿಯ ಬಯಲಿನಲ್ಲಿ ಗಂಡ ಹೆಂಡತಿ ಇಬ್ಬರೂ ಕುರಿ ಮೇಯಿಸುತ್ತಾರೆ. ಕೆಲವು ವರ್ಷಗಳ ಹಿಂದೆ ಗಾಯ ಕೊಳೆತು ಒಂದು ಕಾಲನ್ನು ಮಂಡಿಯ ಕೆಳಗೆ ತೆಗೆದಿದ್ದರು. ಯಾವುದೋ ಶಿಬಿರದಲ್ಲಿ ಸಿಕ್ಕಿದ್ದ ಕೃತಕ ಕಾಲು ಬೆಳಿಗ್ಗೆ ಸಡಿಲ, ಮಧ್ಯಾಹ್ನಕ್ಕೆ ಬಿಗಿ. ಅದರೊಳಗೆ ಕಂಬಳಿಯ ಚೂರು ತುರುಕಿಕೊಂಡು ನಡೆಯುತ್ತಿದ್ದರು. ಹೆಚ್ಚು ನಡೆಯಲಾಗದೆ ಕುರಿಯ ಹಿಂದೆ ಓಡಾಡುವ ಕೆಲಸವೆಲ್ಲ ಹೆಂಡತಿಯ ಮೇಲೆ ಬಿದ್ದಿತ್ತು.

"ಕುಂದರ್ರಿ ಕಾಕಾ. ಇವತ್ತ ಪ್ಲಾಸ್ಟರ್ ಇಲ್ಲ, ಫೋಟೋ ತಗದಂಗ ತಗೀತೀನಿ," ಎಂದೆ.

ಸ್ಕ್ಯಾನರನ್ನು ಅವರ ಕಾಲಿನ ಸುತ್ತ ತಿರುಗಿಸಿದೆ. ಪರದೆಯ ಮೇಲೆ ಕಾಲು ಮೂಡಿತು. ಅವರು ಕತ್ತು ಚಾಚಿ ನೋಡಿದರು. ತಮ್ಮ ಮೋಟುಗಾಲಿನ ಹಿಂಬದಿಯನ್ನು ಅವರು ನೋಡಿದ್ದು ಅದೇ ಮೊದಲಂತೆ. ನಾನು ಮಂಡಿಚಿಪ್ಪಿನ ಕೆಳಗೆ ಒತ್ತಲು ಹೊರಟೆ. ಅಷ್ಟರಲ್ಲಿ ಪರದೆ ಮಂಕಾಗಿ, ಲೈಸನ್ಸು ಸಿಗುತ್ತಿಲ್ಲ ಎಂಬ ಸಾಲು ಬಂತು. ಫೋನು ನೋಡಿದರೆ ನೆಟ್‌ವರ್ಕ್ ಇಲ್ಲ. ಸ್ವಲ್ಪ ಹೊತ್ತಿಗೆ ಬಂತು, ಸಾಫ್ಟ್‌ವೇರು ತೆರೆಯಿತು, ಮತ್ತೆ ಹೋಯಿತು.

"ಏನಾತ್ರಿ ಬಾಯಾರ?" ಎಂದರು ಕಾಕಾ.

"ನೆಟ್ ಹೋತು ಕಾಕಾ. ಇದಕ್ಕ ಪುಣೆದಿಂದ ಪರವಾನಿಗಿ ಬರಬೇಕು."

"ನನ್ನ ಕಾಲಿಗೆ ಪುಣೆದವರ ಪರವಾನಿಗಿ ಯಾಕ್ರಿ?"

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಆಮೇಲೆ ಕಾಲನ್ನು ಕಟ್ಟಿಕೊಳ್ಳುತ್ತಾ, "ನಮ್ಮ ಕುರಿ ನಿಂತಾವಲ್ರಿ, ಆ ದಿಬ್ಬದ ಮ್ಯಾಲ ಫೋನ್ ಬರೋಬ್ಬರಿ ಹತ್ತತೈತಿ. ಬರ್ತೀರೇನು?" ಎಂದರು.

ಉಳಿದವರ ಕೆಲಸ ಮುಗಿಸಿಕೊಂಡು, ಆಟೋ ಮಾಡಿ ಅವರ ಜೊತೆ ಹೊರಟೆ. ಹಾಗೆ ಲ್ಯಾಪ್‌ಟಾಪು ಬಗಲಲ್ಲಿಟ್ಟುಕೊಂಡು ದಿಬ್ಬ ಹತ್ತುತ್ತೇನೆಂದು ನಾನು ಯಾವತ್ತೂ ಅಂದುಕೊಂಡಿರಲಿಲ್ಲ. ಮಳೆ ನಿಂತು ಬಿಸಿಲು ಬಿದ್ದಿತ್ತು. ಕಾಕಾನ ಹೆಂಡತಿ ನಮ್ಮನ್ನು ನೋಡಿ ಕುರಿಗಳ ನಡುವಿನಿಂದ ಎದ್ದು ಬಂದರು. ಬಿಸಿಲಿಗೆ ಪರದೆ ಏನೂ ಕಾಣದು. ಅವರೇ ಕಂಬಳಿ ತಂದು ನನ್ನ ತಲೆಯ ಮೇಲೂ ಲ್ಯಾಪ್‌ಟಾಪಿನ ಮೇಲೂ ಹೊದಿಸಿದರು. ಕಾಕಾ ಕೂಡ ತಲೆ ಒಳಗೆ ಹಾಕಿದರು. ನೆಟ್‌ವರ್ಕ್ ಪೂರ್ತಿ ಇತ್ತು. ಒಂದೇ ಒಂದು ಸಲವೂ ಕಡಿಯಲಿಲ್ಲ.

ಕಂಬಳಿಯ ಕತ್ತಲೆಯೊಳಗೆ ಕೂತು ನಾನು ಅವರ ಕಾಲನ್ನು ಮುಟ್ಟಿ ನೋಡುತ್ತಿದ್ದೆ, ಪರದೆಯಲ್ಲಿ ತಿದ್ದುತ್ತಿದ್ದೆ. "ಇಲ್ಲಿ ಒತ್ತಿದ್ರ ನೋವು ಆಗತೈತೇನು? ಇಲ್ಲಿ?" ಎಂದು ಕೇಳುವುದು, ಅವರು ಹೇಳುವುದು, ಕೂಡಲೇ ಆ ಜಾಗ ಉಬ್ಬುವುದು. ಬಸ್ಸಿನಲ್ಲಿ ಕೂತು ಬಯಸಿದ್ದ ಕೆಲಸ ಕಣ್ಣೆದುರಿಗೇ ನಡೆಯುತ್ತಿತ್ತು. ಮುಗಿದದ್ದನ್ನು ಅಲ್ಲಿಂದಲೇ ಅಣ್ಣನಿಗೆ ಕಳಿಸಿದೆ. ತುಸು ಹೊತ್ತಿಗೆ ಅವನ ಫೋನು ಬಂತು.

"ಬಂತು, ಬಂತು. ಯಂತ್ರಕ್ಕ ಹಚ್ಚೀನಿ. ಕೆಳಗಿನ ಪದರ ಆಗಲೇ ಬೀಳಾಕ ಹತ್ತೇತಿ. ಇದೇನ ಕುರಿ ಒದರೂದು ಕೇಳತೈತಿ? ಎಲ್ಲಿ ಇದ್ದೀ ನೀ?"

ಆ ಸಂಜೆ ಬೆಳಗಾವಿಗೆ ಬಂದವಳು ಸೀದಾ ಮನೆಗೆ ಹೋಗದೆ ವಡಗಾವಿಗೆ ಹೋದೆ. ಯಂತ್ರದೊಳಗೆ ಕಾಕಾನ ಬಟ್ಟಲು ಗೇಣುದ್ದ ಎದ್ದಿತ್ತು. ನಾನೂ ಅಣ್ಣನೂ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತೆವು, ಸಿನಿಮಾ ನೋಡುವವರ ಹಾಗೆ.

ಖುಷಿ ಇಳಿದ ಮೇಲೆ ಅಣ್ಣ ಒಂದು ಮಾತು ಹೇಳಿದ, ಅದು ಸರಿಯಾಗಿತ್ತು. ವಾರವಾರ ದಿಬ್ಬ ಹತ್ತಲಾಗುವುದಿಲ್ಲ. ಎಲ್ಲರಿಗೂ ದಿಬ್ಬ ಇರುವುದೂ ಇಲ್ಲ.

ಮುಂದಿನ ವಾರಕ್ಕೆ ಕೀಲಿ ಬಂತು. ಬೆರಳಿನ ಅರ್ಧದಷ್ಟಿತ್ತು. ಇದು ಕಳೆದರೆ ಲೈಸನ್ಸೂ ಕಳೆದಂತೆ ಎಂದು ಪುಣೆಯವರು ಮೊದಲೇ ಎಚ್ಚರಿಸಿದ್ದರು. "ತಾಳಿಗೆ ಪೋಣಿಸ್ಕೊಂಡ್ ಬಿಡು," ಎಂದು ಅಣ್ಣ ಚೇಷ್ಟೆ ಮಾಡಿದ. ನಾನು ಪರ್ಸಿನ ಒಳಗಿನ ಜಿಪ್ಪಿನಲ್ಲಿಟ್ಟುಕೊಂಡು ಖಾನಾಪುರದವರೆಗೂ ಪರ್ಸಿನ ಮೇಲಿನ ಕೈ ತೆಗೆಯಲಿಲ್ಲ. ಮಳೆ ಜೋರಾಗಿತ್ತು. ಕಾಕಾ ಬರಲಿಲ್ಲ. ಕುರಿಗಳನ್ನು ಬೇರೆ ಕಡೆ ಹೊಡೆದುಕೊಂಡು ಹೋಗಿದ್ದಾರೆ ಎಂದು ಔಷಧಿ ಅಂಗಡಿಯವರು ಹೇಳಿದರು. ಬಂದಿದ್ದ ಬೇರೆಯವರ ಕೆಲಸ ಕೀಲಿಯಿಂದ ಸುಸೂತ್ರವಾಗಿ ನಡೆಯಿತು. ನೆಟ್‌ವರ್ಕ್ ಇದ್ದರೆಷ್ಟು ಬಿಟ್ಟರೆಷ್ಟು ಎಂದು ನಾನು ಹಿಗ್ಗಿ ಹೋಗಿದ್ದೆ. ಆಗ ಅಣ್ಣನ ಫೋನು ಬಂತು.

"ಬ್ಯಾಂಕಿನ ಸಾಹೇಬ್ರು ರಜಾ ಹಾಕಿ ಬಂದ ಕುಂತಾರ. ಅವರ ಬಟ್ಲಾ ಚೂರು ತಿದ್ದಬೇಕು. ಇಲ್ಲೆ ಸಾಫ್ಟ್‌ವೇರ್ ತಗೀವಲ್ದು."

"ಕೀಲಿ ನನ್ನ ಕಡೆ ಐತಲ್ಲೋ ಅಣ್ಣಾ."

"ಅದ ಗೊತ್ತೈತಿ. ಅವರಿಗೆ ಏನ ಹೇಳ್ಲಿ?"

ಬ್ಯಾಂಕಿನವರು ಚಹಾ ಕುಡಿದು ಹಾಗೇ ವಾಪಸಾದರು. ಇಬ್ಬರು ಎರಡು ಊರಿನಲ್ಲಿ ಒಂದೇ ಹೊತ್ತಿಗೆ ಕೆಲಸ ಮಾಡುವ ನಮಗೆ ಒಂದು ಕೀಲಿ ಸಾಲುತ್ತಿರಲಿಲ್ಲ. ಎರಡು ಕೀಲಿ ತೆಗೆದುಕೊಂಡರೆ ಕಳೆಯುವ ಭಯವೂ ಎರಡು.

ಉಳಿದದ್ದು ಮೂರನೆಯದು, ನಮ್ಮದೇ ಕಂಪ್ಯೂಟರಿನಲ್ಲಿ ಲೈಸನ್ಸು ಇಟ್ಟುಕೊಳ್ಳುವುದು. ಅದರ ಮೇಲೆ ನನಗೆ ಹೆಚ್ಚು ಆಸೆ ಇರಲಿಲ್ಲ. ವಡಗಾವಿಯಲ್ಲಿ ಇದ್ದರೆ ಖಾನಾಪುರಕ್ಕೆ ಮತ್ತೆ ನೆಟ್‌ವರ್ಕ್ ಬೇಕೇ ಬೇಕಲ್ಲ ಎಂದು ಪುಣೆಯವರಿಗೆ ಹೇಳಿದೆ. ಅವರು ಬಹಳ ಸಾಮಾನ್ಯವಾಗಿ, ಬೇಕಾಗಿಲ್ಲ, ಹೊರಡುವ ಮೊದಲು ಲೈಸನ್ಸನ್ನು ನಿಮ್ಮ ಲ್ಯಾಪ್‌ಟಾಪಿಗೆ ಕೆಲವು ದಿನದ ಮಟ್ಟಿಗೆ ಎರವಲು ಕೊಡಬಹುದು ಎಂದರು. ಆ ದಿನಗಳಲ್ಲಿ ಲ್ಯಾಪ್‌ಟಾಪು ಯಾರನ್ನೂ ಕೇಳುವುದಿಲ್ಲ. ಅವಧಿ ಮುಗಿದ ಮೇಲೆ ಲೈಸನ್ಸು ತಾನಾಗಿ ಮನೆಗೆ ಮರಳಿದಂತೆ. ಇಬ್ಬರು ಬಳಸುವಷ್ಟು ತೆಗೆದುಕೊಂಡರೆ ಒಂದು ತಿರುಗಾಡಲು ಹೋದಾಗ ಇನ್ನೊಂದು ಅಣ್ಣನಿಗೆ ಉಳಿಯುತ್ತದೆ.

ನಾನು ಮತ್ತೊಮ್ಮೆ ಹೇಳಿಸಿದೆ. ಸರಿಯಾಗಿಯೇ ಕೇಳಿಸಿಕೊಂಡಿದ್ದೆ.

ಶೆಡ್ಡಿನಲ್ಲಿ ಪ್ಲಾಸ್ಟರ್ ಧೂಳು ಹೆಚ್ಚು. ಅದಕ್ಕೆ ಒಂದು ಹಳೆಯ ಕಂಪ್ಯೂಟರನ್ನು ಒರೆಸಿ ಮಹಡಿಯ ಮೇಲೆ ಅವ್ವನ ಕೋಣೆಯ ಕಪಾಟಿನ ಪಕ್ಕದಲ್ಲಿಟ್ಟು, ಅಲ್ಲಿಂದ ಕೆಳಗೆ ವೈರು ಎಳೆದೆವು. ಪುಣೆಯವರು ದೂರದಿಂದಲೇ ಲೈಸನ್ಸು ಕೂರಿಸಿಕೊಟ್ಟರು. ಅಣ್ಣನ ಕಂಪ್ಯೂಟರಿನಲ್ಲಿ ತೆರೆಯಿತು. ನನ್ನ ಲ್ಯಾಪ್‌ಟಾಪಿಗೆ ಎರವಲು ತೆಗೆದುಕೊಂಡು, ವೈರು ಕಿತ್ತು, ವೈಫೈ ಬಂದ್ ಮಾಡಿದೆ. ಸಾಫ್ಟ್‌ವೇರು ನಡೆಯಿತು.

"ಇಲ್ಲೇ ಬಾಜೂಕ ಐತಂತ ನಡೀತೈತೇನೋ. ಹೊರಗ ಹೋಗಿ ನೋಡೂಣು," ಎಂದ ಅಣ್ಣ.

ಇಬ್ಬರೂ ಲ್ಯಾಪ್‌ಟಾಪು ತೆರೆದೇ ಹಿಡಿದುಕೊಂಡು ಓಣಿಗೆ ಇಳಿದೆವು. ಪಕ್ಕದ ಮನೆಗಳಲ್ಲಿ ಮಗ್ಗಗಳು ಖಟಖಟ ಎನ್ನುತ್ತಿದ್ದವು. ಓಣಿಯ ತುದಿಗೆ ಹೋದೆವು, ನಡೆಯಿತು. ರಸ್ತೆ ದಾಟಿ ಚಹಾದಂಗಡಿಯ ಬೆಂಚಿನ ಮೇಲೆ ಇಟ್ಟೆವು, ಅಲ್ಲೂ ನಡೆಯಿತು. ಅಣ್ಣ ಅಲ್ಲೇ ಪರದೆಯಲ್ಲಿ ಕಾಕಾನ ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿದ. ಚಹಾದಂಗಡಿಯವರು ಅದೇನು ಹೂಜಿಯೇ ಎಂದು ಕೇಳಿದರು.

ಮರುದಿನ ಬೆಳಿಗ್ಗೆ ಅಣ್ಣನ ಕಂಪ್ಯೂಟರು ಲೈಸನ್ಸು ಸಿಗಲಿಲ್ಲ ಎಂದಿತು. ಗಾಬರಿಯಿಂದ ಮೇಲೆ ಓಡಿದೆವು. ಅವ್ವ ಆ ಕಂಪ್ಯೂಟರಿಗೆ ದಪ್ಪನೆಯ ಕೌದಿ ಹೊದಿಸಿದ್ದಳು. ಉಸಿರುಗಟ್ಟಿ, ಕಾದು, ಅದು ತಾನೇ ಆರಿಹೋಗಿತ್ತು.

"ಧೂಳ ಬೀಳಬಾರದಂತ ನೀವ ಅಂದಿದ್ರಿ. ಅದಕ್ಕ ಹೊಚ್ಚಿದೆ," ಎಂದಳು ಅವ್ವ.

ಕೌದಿ ತೆಗೆದು, ತಣಿಸಿ, ಮತ್ತೆ ಚಾಲು ಮಾಡಿದೆವು. ವಿದ್ಯುತ್ತು ಹೋದರೂ ನಡೆಯಲೆಂದು ಅಣ್ಣ ಅದಕ್ಕೊಂದು ಯುಪಿಎಸ್ ಜೋಡಿಸಿದ. ಅಂದಿನಿಂದ ಅವ್ವ ಅದರ ಗಾಳಿ ಬಿಸಿಯಾಗಿದೆಯೇ ಎಂದು ಆಗಾಗ ಕೈಯಿಟ್ಟು ನೋಡುತ್ತಾಳೆ.

ಎರವಲು ಲೈಸನ್ಸು ಹೊತ್ತುಕೊಂಡು ಹೋದ ದಿನ ಖಾನಾಪುರದಲ್ಲಿ ನೆಟ್‌ವರ್ಕೂ ಇರಲಿಲ್ಲ, ಕರೆಂಟೂ ಇರಲಿಲ್ಲ. ಕೋಣೆಯ ಬಾಗಿಲಲ್ಲಿ ಮಳೆ ಪರದೆಯಂತೆ ಇಳಿಯುತ್ತಿತ್ತು. ಕಾಕಾ ಬಂದಿದ್ದರು, ಹೆಂಡತಿಯೂ ಜೊತೆಯಲ್ಲಿದ್ದರು. ದಿಬ್ಬದ ಮೇಲೆ ರೂಪಿಸಿದ್ದ ಬಟ್ಟಲಿಗೆ ಕೊಳವೆ ಪಾದ ಜೋಡಿಸಿ ತೊಡಿಸಿದೆ. ಅವರು ಎದ್ದು ನಿಂತರು, ಭಾರ ಹಾಕಿದರು, ಗೋಡೆ ಹಿಡಿಯದೆ ನಾಲ್ಕು ಹೆಜ್ಜೆ ಹಾಕಿದರು.

"ಒಳಗಿನ ಬಾಜೂ ಏನೂ ತಕರಾರಿಲ್ರಿ. ಇಲ್ಲಿ, ಹೊರಗ, ಎಲುಬಿಗೆ ಒತ್ತತೈತಿ," ಎಂದರು.

"ಕುಂದರ್ರಿ. ಈಗ ಬಿಡಿಸೂಣು," ಎಂದು ಲ್ಯಾಪ್‌ಟಾಪು ತೆರೆದೆ.

ಬೆರಳು ಒಂದು ಕ್ಷಣ ಅಲ್ಲೇ ನಿಂತಿತು. ಓಣಿಯಲ್ಲಿ ನಡೆದದ್ದು ಇಲ್ಲಿ ನಡೆಯದಿದ್ದರೆ ಎನಿಸಿತು. ಸಾಫ್ಟ್‌ವೇರು ತೆರೆಯಿತು. ಯಾರನ್ನೂ ಏನೂ ಕೇಳಲಿಲ್ಲ. ನಾನು ಅವರ ಎಲುಬಿನ ಉಬ್ಬನ್ನು ಬೆರಳಿನಿಂದ ಅಳೆದು, ಪರದೆಯಲ್ಲಿ ಅದೇ ಜಾಗವನ್ನು ಹೊರಗೆ ಎಳೆದೆ. ಕಾಕಾನ ಹೆಂಡತಿ ಹೆಗಲ ಮೇಲಿಂದ ಬಾಗಿ ನೋಡುತ್ತಿದ್ದರು.

"ಇನ್ನ ಚೂರು ಬಿಡ್ರಿ ಅಲ್ಲಿ. ಸಂಜಿಮುಂದ ಅವರಿಗೆ ಬಾವು ಬರತೈತಿ," ಎಂದರು.

ಸಂಜೆಯ ಬಾವಿನ ವಿಷಯ ಕಾಕಾ ನನಗೆ ಹೇಳಿರಲೇ ಇಲ್ಲ. ಇನ್ನೂ ತುಸು ಬಿಟ್ಟೆ. ಬ್ಯಾಟರಿ ಇರುವಾಗಲೇ ಅವರಿಬ್ಬರಿಗೂ ಕಾಲನ್ನು ಸುತ್ತ ತಿರುಗಿಸಿ ತೋರಿಸಿದೆ. ಅದೇ ದಿನ ಅಣ್ಣ ವಡಗಾವಿಯಲ್ಲಿ ಬ್ಯಾಂಕಿನವರ ಬಟ್ಟಲು ತಿದ್ದಿ ಮುಗಿಸಿದ್ದ.

ಆ ವಾರವೇ ಪುಣೆಗೆ ಫೋನು ಮಾಡಿದೆವು. ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಫೋನು ಕಸಿದುಕೊಂಡು, ಎಂದೂ ಸರಿಯಾಗಿ ಬಾರದ ಮರಾಠಿಯಲ್ಲಿ, ಲೈಸನ್ಸು ನಮ್ಮ ಮನೆಯಲ್ಲೇ ಇರುವ ಬಗೆ, ಇಬ್ಬರಿಗೆ ಬೇಕು ಎಂದ. ಅವರಿಗೆ ಅರ್ಥವಾಯಿತು. ನಿಮ್ಮಂಥ ಎರಡು ಊರಿನ ಕೆಲಸಕ್ಕೆ ಅದೇ ಒಳ್ಳೆಯದು ಎಂದರು.

ಮುಂದಿನ ವಾರ ಅಣ್ಣ ತಾನೂ ಖಾನಾಪುರಕ್ಕೆ ಬರುತ್ತೇನೆ ಎಂದು ಶೆಡ್ಡಿಗೆ ಬೀಗ ಹಾಕಿ ಹೊರಟ. ಹೊಸ ಬಟ್ಟಲಿನ ಕಾಲನ್ನು ಚೀಲದಲ್ಲಿಟ್ಟು ಬಸ್ಸಿನಲ್ಲಿ ಮಡಿಲಲ್ಲೇ ಹಿಡಿದುಕೊಂಡ. ಕಾಕಾನಿಗೆ ಅವನೇ ತೊಡಿಸಿದ. ಅವರು ಕೋಣೆಯೊಳಗೆ ಒಂದು ಸುತ್ತು ಹಾಕಿದರು, ಬಾಗಿಲ ಹೊಸ್ತಿಲು ದಾಟಿದರು, ರಸ್ತೆಗೆ ಇಳಿದರು. ಮಳೆ ನಿಂತು ಹೊಳವಾಗಿತ್ತು. ನಾವು ಬಾಗಿಲಲ್ಲಿ ನಿಂತು ನೋಡಿದೆವು. ಅವರು ತಿರುವಿನಲ್ಲಿ ಮರೆಯಾದರು. ಬಹಳ ಹೊತ್ತಾದರೂ ಬರಲಿಲ್ಲ.

"ಎಲ್ಲಿ ಹ್ವಾದ್ರು?" ಎಂದು ಅಣ್ಣ ಚಪ್ಪಲಿ ಹಾಕಿಕೊಂಡ.

"ಬರ್ತಾರ ತಡೀರಿ. ಭಾಳ ದಿನದ ಮ್ಯಾಲ ನಡ್ಯಾಕ ಹತ್ಯಾರ," ಎಂದರು ಕಾಕಾನ ಹೆಂಡತಿ. ಅವರು ಮೆಟ್ಟಿಲ ಮೇಲೆ ಆರಾಮವಾಗಿ ಕೂತಿದ್ದರು.

ಕಾಕಾ ಬಂದರು. ಕೈಯಲ್ಲಿ ಬಿಸಿ ಭಜಿಯ ಪೊಟ್ಟಣ ಇತ್ತು. ಬಸ್ ಸ್ಟ್ಯಾಂಡಿನವರೆಗೂ ಹೋಗಿ ಬಂದೆ ಎಂದರು. ಬಟ್ಟಲು ಬಿಚ್ಚಿ ನೋಡಿದೆ. ಎಲುಬಿನ ಮೇಲೆ ಚರ್ಮ ಎಲ್ಲೂ ಕೆಂಪಾಗಿರಲಿಲ್ಲ. ನಾಲ್ವರೂ ಅಲ್ಲೇ ನಿಂತು ಭಜಿ ತಿಂದೆವು.

ವಾಪಸು ಬರುವಾಗ ಬಸ್ಸಿನಲ್ಲಿ ಅಣ್ಣ ಸುಮ್ಮನಿರಲಿಲ್ಲ. ಇದರಲ್ಲಿ ಕೈ ಮಾಡಲು ಬರುತ್ತದೆಯೇ, ಮಂಡಿಯ ಮೇಲಿನ ಕಾಲು ಬರುತ್ತದೆಯೇ, ಬೆನ್ನಿನ ಪಟ್ಟಿ ಬರುತ್ತದೆಯೇ ಎಂದು ಕೇಳುತ್ತಲೇ ಇದ್ದ. ಎಲ್ಲ ಬರುತ್ತದೆ, ಕಲಿಯಬೇಕು ಎಂದೆ. "ಹಂಗಾದ್ರ ಮೊದಲ ಕೈ ಕಲಿಯೂಣು," ಎಂದು ಅವನು ತನ್ನ ಮೊಣಕೈಯನ್ನು ಮಡಚಿ ಬಿಚ್ಚಿ, ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಎಂದು ತೋರಿಸತೊಡಗಿದ. ನಾನೂ ಲ್ಯಾಪ್‌ಟಾಪು ತೆರೆದೆ. ತಲೆ ಎತ್ತಿ ನೋಡುವಷ್ಟರಲ್ಲಿ ನಾವು ಇಳಿಯಬೇಕಾದ ಸ್ಟಾಪು ದಾಟಿ ಹೋಗಿತ್ತು.